ಇಪ್ಪತ್ತು ಪರ್ಸೆಂಟ್ ಕಮ್ಮಿ

ಆಗಸ್ಟ್ 18, 2024, ಭಾನುವಾರ

ವರಮಹಾಲಕ್ಷ್ಮಿಯ ಗಲಾಟೆ ಮುಗಿಯಿತು. ಕೊನೆಯ ಬ್ಲೌಸಿಗೆ ಹುಕ್ಸು ಹಾಕಿ ಕೊಟ್ಟದ್ದು ಶುಕ್ರವಾರ ಬೆಳಗ್ಗೆ, ಗಿರಾಕಿಯ ಮನೆಯಲ್ಲಿ ಕಳಶ ಕೂರಿಸುವ ಹೊತ್ತಿಗೆ. ಇವತ್ತು ಅಂಗಡಿ ತೆಗೆಯಲಿಲ್ಲ. ಜಿಮ್ಮಿನಲ್ಲಿ ಸರ್ ನನ್ನನ್ನು ಕನ್ನಡಿ ಎದುರು ನಿಲ್ಲಿಸಿ, ತಿರುಗಿಸಿ, ಬೆನ್ನು ನೋಡಿ, "ಡಿಸೆಂಬರ್‌ಗೆ ಹೋಗೋಣಮ್ಮ. ಮಂಗಳೂರು. ಸ್ಟೇಟ್ ಲೆವೆಲ್ಲು," ಎಂದರು. ನಾನು ಹೂಂ ಅಂದೆ. ಇಷ್ಟು ದಿನ "ನೋಡೋಣ ಸರ್" ಅನ್ನುತ್ತಿದ್ದ ಬಾಯಿ ಇವತ್ತು ಯಾಕೋ ಬೇಗ ಒಪ್ಪಿಬಿಟ್ಟಿತು.

ಮನೆಗೆ ಬಂದು ಟೇಪು ತೆಗೆದೆ. ಊರಿನ ಹೆಂಗಸರ ಅಳತೆಯೆಲ್ಲ ನನ್ನ ಪುಸ್ತಕದಲ್ಲಿದೆ, ನನ್ನದೇ ಇರಲಿಲ್ಲ. ಎತ್ತರ 5 ಅಡಿ 2 ಇಂಚು. ತೂಕ 58.4 ಕೆಜಿ. ಭುಜದ ಸುತ್ತಳತೆ 41, ಸೊಂಟ 27½, ತೋಳು ಸಡಿಲ ಬಿಟ್ಟರೆ 12, ಬಿಗಿ ಹಿಡಿದರೆ 13. ಮದುವೆಯ ಬ್ಲೌಸು ಪೆಟ್ಟಿಗೆಯಲ್ಲಿದೆ, ಅದರ ತೋಳು 9½.

ಬಾಡಿಬಿಲ್ಡಿಂಗ್ ಸ್ಪರ್ಧೆಯ ಯಾವ ವಿಭಾಗ ಅನ್ನುವುದರಲ್ಲಿ ನನಗೆ ಗೊಂದಲ ಇರಲಿಲ್ಲ, ಸರ್‌ಗೆ ಇತ್ತು. "ಮಾಡೆಲ್ ಫಿಸೀಕ್‌ನಲ್ಲಿ ಹಾಕಿದ್ರೆ ಸುಲಭ," ಎಂದರು. ಬಿಕಿನಿ, ಫಿಗರ್ ಇವೆಲ್ಲ ಹೀಲ್ಸ್ ಹಾಕಿಕೊಂಡು ನಿಲ್ಲುವವು. ನಾನು ಆರಿಸಿದ ವಿಮೆನ್ಸ್ ಫಿಸೀಕ್‌ನಲ್ಲಿ ಬರಿಗಾಲು. ಅಲ್ಲಿ ಸ್ನಾಯುವನ್ನು ಹಿಡಿದು ತೋರಿಸಬೇಕು: ಮುಂದಿನಿಂದ ಡಬಲ್ ಬೈಸೆಪ್ಸ್, ಸೈಡ್ ಚೆಸ್ಟ್, ಹಿಂದಿನಿಂದ ಡಬಲ್ ಬೈಸೆಪ್ಸ್, ಸೈಡ್ ಟ್ರೈಸೆಪ್ಸ್. ಆದರೆ ಮುಷ್ಟಿ ಕಟ್ಟುವ ಹಾಗಿಲ್ಲ. ಅಂಗೈ ಬಿಚ್ಚಿ, ಬೆರಳು ನಾಜೂಕಾಗಿ ಇಟ್ಟುಕೊಳ್ಳಬೇಕು. ಗಂಡಸರು ಮುಷ್ಟಿ ಹಿಡಿಯಬಹುದು, ನಾವು ಹಿಡಿಯಬಾರದು. ಇರಲಿ. ನನಗೆ ಬೇಕಾದದ್ದು ಆ ಬರಿಗಾಲು.

ಆಗಸ್ಟ್ 27, ಮಂಗಳವಾರ

ಶ್ರಾವಣ. ಮನೆಯಲ್ಲಿ ಮೊಟ್ಟೆ ಇಲ್ಲ, ಮಾಂಸ ಇಲ್ಲ. ಸರ್ ಕೊಟ್ಟ ಪಟ್ಟಿಯಲ್ಲಿ ದಿನಕ್ಕೆ 115 ಗ್ರಾಂ ಪ್ರೋಟೀನು, ಅಂದರೆ ಮೈತೂಕದ ಕೆಜಿಗೆ ಸುಮಾರು 2 ಗ್ರಾಂ. ತೂಕ ಇಳಿಸುವಾಗ ಇಷ್ಟಾದರೂ ಬೇಕಂತೆ, ಇಲ್ಲದಿದ್ದರೆ ಕೊಬ್ಬಿನ ಜೊತೆ ಕಷ್ಟಪಟ್ಟು ಕಟ್ಟಿದ ಸ್ನಾಯುವೂ ಕರಗಿ ಹೋಗುತ್ತದೆ. ಇದನ್ನು ನಮ್ಮ ಅಡುಗೆಮನೆಯಿಂದ ಹೊಂದಿಸುವುದು ಹೇಗೆ ಅಂತ ರಾತ್ರಿ ಕೂತು ಲೆಕ್ಕ ಹಾಕಿದೆ. ಬೇಳೆಸಾರಿನಲ್ಲಿ ಬೇಳೆಗಿಂತ ಸಾರೇ ಜಾಸ್ತಿ. ಶೇಂಗಾದಲ್ಲಿ ಪ್ರೋಟೀನು ಇದೆ, ನೂರು ಗ್ರಾಮಿಗೆ 25, ಆದರೆ ಅದರ ಎರಡರಷ್ಟು ಎಣ್ಣೆ ಅಂಶವೂ ಇದೆ. ಪನೀರು ದುಬಾರಿ. ಕೊನೆಗೆ ಉಳಿದದ್ದು ಸೋಯಾ ಚಂಕ್ಸು, ಮೊಸರು, ಮೊಳಕೆ ಹೆಸರುಕಾಳು, ಮತ್ತು ಡಬ್ಬದ ಪೌಡರು.

ಮೊಟ್ಟೆ ಅಂಗಡಿಯಲ್ಲಿ. ಇಸ್ತ್ರಿಪೆಟ್ಟಿಗೆಯ ಪ್ಲಗ್ಗಿಗೇ ಸಣ್ಣ ಇಂಡಕ್ಷನ್ ಒಲೆ ಹಾಕಿದ್ದೇನೆ. ಮಧ್ಯಾಹ್ನ ಶಟರು ಅರ್ಧ ಎಳೆದು ಬೇಯಿಸಿ ತಿಂದು, ಊದುಬತ್ತಿ ಹಚ್ಚುತ್ತೇನೆ. ಲೆಹೆಂಗಾ ಕೊಟ್ಟು ಹೋಗಲು ಬಂದಾಕೆ ಮೂಗು ಅರಳಿಸಿ, "ಅಂಗಡಿಯೊಳಗೆ ದಿನಾ ಪೂಜೆ ಮಾಡ್ತೀರೇನ್ರಿ?" ಎಂದಳು. ಹೌದು ಅಂದೆ.

ಅತ್ತೆಗೆ ಗೊತ್ತಿದೆ. ಕೇಳಿಲ್ಲ.

ಸೆಪ್ಟೆಂಬರ್ 8, ಭಾನುವಾರ

ಗಣಪನ ಹಬ್ಬಕ್ಕೆ ಕಡುಬು. ಅರ್ಧ ತಿಂದೆ, ಹೂರಣ ಬಿಟ್ಟು. ಅದು ಇನ್ನೂ ಆಸೆ ಹೆಚ್ಚಿಸಿತು; ಪೂರ್ತಿ ಬಿಡುವುದೇ ಸುಲಭ.

ನಿನ್ನೆ ಬಂದ ಚಿಕ್ಕತ್ತೆ ನನ್ನ ತೋಳು ಹಿಡಿದು ನೋಡಿ ಅತ್ತೆಗೆ ದೂರು ಹೇಳಿದರು. "ಏನಕ್ಕಾ ಇದು, ಸೊಸೆ ತೋಳು ಗಂಡಸ್ರಂಗೆ ಆಗ್ಯಾವಲ್ಲ." ಅತ್ತೆ ಮಂಡಕ್ಕಿ ಭಟ್ಟಿಯಲ್ಲಿ ಇಪ್ಪತ್ತು ವರ್ಷ ದುಡಿದವರು. ಆ ಹೊಗೆಯಲ್ಲಿ, ಕಾದ ಮರಳಿನ ಮುಂದೆ ನಿಂತು, ಭತ್ತದ ಚೀಲ ಎಳೆದು, ಅಕ್ಕಿ ತಿರುವಿ ಬೆಳೆದ ಕೈ ಅವರದ್ದು. ಈಗಲೂ ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆಯಲು ನಾವೆಲ್ಲ ಅವರ ಹತ್ತಿರ ಹೋಗುತ್ತೇವೆ. ಅವರು ಸೆರಗಿನೊಳಗಿಂದ ತಮ್ಮ ಮುಂಗೈ ಹೊರಗೆ ಚಾಚಿ, "ನಂದೂ ಹಿಂಗೇ ಐತಿ. ನಂಗ್ಯಾರೂ ಏನೂ ಅನ್ಲಿಲ್ಲ, ಕೂಲಿ ಕೊಡ್ತಿದ್ರು," ಎಂದರು. ಚಿಕ್ಕತ್ತೆ ಮಾತು ಬದಲಿಸಿದರು.

ಅತ್ತೆ ನನ್ನ ಪರ ವಹಿಸಿದರು ಅಂದುಕೊಳ್ಳುವ ಹಾಗಿಲ್ಲ. ರಾತ್ರಿ ಪಾತ್ರೆ ತೊಳೆಯುವಾಗ ಕೇಳಿದರು: "ದುಡ್ಡು ಬರ್ತೈತೇನು ಇದ್ರಾಗೆ?" ಇಲ್ಲ ಎಂದೆ. "ಮತ್ಯಾಕೆ?" ಅದಕ್ಕೆ ಉತ್ತರ ಇನ್ನೂ ಹುಡುಕುತ್ತಿದ್ದೇನೆ. ಹೊಲಿಗೆ ಯಂತ್ರದ ಮುಂದೆ ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಾಗ ಡಾಕ್ಟರು ಕಳಿಸಿದ್ದಕ್ಕೆ ಜಿಮ್ಮಿಗೆ ಹೋದವಳು ನಾನು. ನೋವು ಹೋಗಿ ಎಷ್ಟೋ ಕಾಲವಾಯಿತು. ಮೊದಲ ಸಲ ಡೆಡ್‌ಲಿಫ್ಟಿನಲ್ಲಿ ನೆಲದಿಂದ ಬಾರು ಎತ್ತಿಕೊಂಡು ಮೇಲೆದ್ದಾಗ ಆದದ್ದನ್ನು ಅತ್ತೆಗೆ ಹೇಗೆ ಹೇಳುವುದು? ಬಹುಶಃ ಅವರಿಗೆ ಗೊತ್ತಿರಬಹುದು, ಭತ್ತದ ಚೀಲದಲ್ಲಿ.

ಸೆಪ್ಟೆಂಬರ್ 22, ಭಾನುವಾರ

ಸರ್ ಒಂದು ಹಳೆಯ ಸಿನಿಮಾ ಫೋನಿಗೆ ಕಳಿಸಿದ್ದರು. 'ಪಂಪಿಂಗ್ ಐರನ್ 2: ದ ವಿಮೆನ್', 1985ರದು. ಮಗಳ ಜೊತೆ ಕೂತು ನೋಡಿದೆ. 1983ರಲ್ಲಿ ಲಾಸ್ ವೇಗಸ್‌ನಲ್ಲಿ ನಡೆದ ಹೆಂಗಸರ ಸ್ಪರ್ಧೆಯ ಕತೆ. ಅದರಲ್ಲಿ ಆಸ್ಟ್ರೇಲಿಯಾದ ಬೆವ್ ಫ್ರಾನ್ಸಿಸ್ ಇದ್ದಾಳೆ, ಪವರ್‌ಲಿಫ್ಟಿಂಗ್‌ನಲ್ಲಿ ವಿಶ್ವ ಚಾಂಪಿಯನ್ ಆಗಿದ್ದವಳು. ವೇದಿಕೆಯ ಮೇಲೆ ಬಂದಾಗ ಉಳಿದವರೆಲ್ಲ ಬೇರೆ ಆಟ ಆಡಲು ಬಂದವರಂತೆ ಕಾಣುತ್ತಾರೆ, ಅಷ್ಟು ಸ್ನಾಯು. ಅವಳಿಗೆ ಸಿಕ್ಕಿದ್ದು ಎಂಟನೇ ಸ್ಥಾನ. ಗೆದ್ದವಳು ಕಾರ್ಲಾ ಡನ್‌ಲಪ್. ಹೆಂಗಸರ ಬಾಡಿಬಿಲ್ಡಿಂಗಿನ ದೊಡ್ಡ ಪಟ್ಟವಾದ ಮಿಸ್ ಒಲಿಂಪಿಯಾವನ್ನು 1980ರಲ್ಲಿ ಮೊದಲು ಗೆದ್ದ ರೇಚಲ್ ಮೆಕ್‌ಲಿಶ್ ಮೂರನೆಯವಳು. ತೀರ್ಪುಗಾರರು ಸಭೆ ಸೇರಿ ಹೆಣ್ತನ ಎಂದರೇನು ಅಂತ ಚರ್ಚೆ ಮಾಡುತ್ತಾರೆ. ಸ್ನಾಯು ನೋಡುವ ಸ್ಪರ್ಧೆಯಲ್ಲಿ ಸ್ನಾಯು ಜಾಸ್ತಿಯಾಯಿತು ಎಂಬ ದೂರು. ಮಗಳು ಕೇಳಿದಳು: "ಅಮ್ಮಾ, ಓಟದಲ್ಲಿ ಜೋರಾಗಿ ಓಡಿದ್ರೆ ಯಾರಾದ್ರೂ ಬೈತಾರಾ?"

ಆಮೇಲೆ ನಾನೇ ಹುಡುಕಿ ಓದಿದ್ದು ಇದಕ್ಕಿಂತ ಚೆನ್ನಾಗಿದೆ. 2004ರ ಕೊನೆಗೆ ಅಮೆರಿಕದಲ್ಲಿ ಈ ಆಟ ನಡೆಸುವವರು ಒಂದು ಸುತ್ತೋಲೆ ಹೊರಡಿಸಿದರು: ಬಾಡಿಬಿಲ್ಡಿಂಗ್, ಫಿಟ್ನೆಸ್, ಫಿಗರ್ ವಿಭಾಗಗಳ ಹೆಂಗಸರು ತಮ್ಮ ಸ್ನಾಯುವನ್ನು 20 ಪರ್ಸೆಂಟ್ ಕಡಿಮೆ ಮಾಡಿಕೊಂಡು ಬರಬೇಕು.

ಇಪ್ಪತ್ತು ಪರ್ಸೆಂಟ್! ಎಲ್ಲಿಂದ? ನನ್ನ ಹತ್ತಿರ ಯಾರಾದರೂ ಬಂದು "ಈ ಬ್ಲೌಸು 20 ಪರ್ಸೆಂಟ್ ಕಮ್ಮಿ ಮಾಡಿಕೊಡಿ" ಅಂದರೆ ನಾನು ಮೊದಲು ಕೇಳುವುದು, ತೋಳಲ್ಲೋ, ಎದೆಯಲ್ಲೋ, ಉದ್ದದಲ್ಲೋ, ಯಾವುದಕ್ಕೆ ಹೋಲಿಸಿ ಅಂತ. ಅಳತೆ ತಿಳಿಯದವರು ಮಾತ್ರ ಹೀಗೆ ಮಾತಾಡುತ್ತಾರೆ. ನಿಮ್ಮ ಮೈ ನಮಗೆ ಇರಿಸುಮುರಿಸು ಮಾಡುತ್ತಿದೆ ಎಂದು ನೇರವಾಗಿ ಹೇಳುವ ಬದಲು ಒಂದು ಸಂಖ್ಯೆ ಕೊಟ್ಟರು. ಆ ಸಂಖ್ಯೆ ಹಿಡಿದು ಅಲ್ಲಿನ ಹೆಂಗಸರು ಏನು ಮಾಡಿದರೋ. 2014ರ ನಂತರ ಮಿಸ್ ಒಲಿಂಪಿಯಾ ನಿಂತೇಹೋಯಿತು. ಆ ವರ್ಷ ಹತ್ತನೇ ಸಲ ಗೆದ್ದವಳು ಐರಿಸ್ ಕೈಲ್. ಮತ್ತೆ ಶುರುವಾದದ್ದು 2020ರಲ್ಲಿ. ಅದು ನಿಲ್ಲುವ ಮೊದಲೇ ಹೆಂಗಸರ ಬಾಡಿಬಿಲ್ಡಿಂಗ್‌ಗಿಂತ ಒಂದು ಮೆಟ್ಟಿಲು ಕೆಳಗೆ ಅಂತ ತಂದದ್ದೇ ಈ ಫಿಸೀಕ್ ವಿಭಾಗ. 2013ರ ಮೊದಲ ಫಿಸೀಕ್ ಒಲಿಂಪಿಯಾ ಡಾನಾ ಲಿನ್ ಬೈಲಿ ಗೆದ್ದಳು. ಅಂದರೆ ನಾನು ಪ್ರೀತಿಯಿಂದ ಆರಿಸಿಕೊಂಡ ವಿಭಾಗ ಹುಟ್ಟಿದ್ದೇ 'ಇಷ್ಟು ಸಾಕು' ಎಂಬ ಮಾತಿನಿಂದ. ತಿಳಿದ ಮೇಲೆ ಒಂಥರಾ ಆಯಿತು. ಆದರೂ ಬರಿಗಾಲು, ನಾಲ್ಕು ಪೋಸು. ನನಗೆ ಇದರಲ್ಲೇ ಜಾಗ ಇದೆ.

ಇವತ್ತು ಸ್ಕ್ವಾಟು 80 ಕೆಜಿ, ಐದು ರೆಪ್ಸು. ಕಡಿಮೆ ತಿನ್ನುತ್ತಿದ್ದರೂ ಬಲ ಇಳಿದಿಲ್ಲ.

ಅಕ್ಟೋಬರ್ 3, ಗುರುವಾರ

ನವರಾತ್ರಿ ಶುರು. ಅಂಗಡಿಯಲ್ಲಿ ಒಂಬತ್ತು ಬಣ್ಣದ ಹುಚ್ಚು.

ಜಿಮ್ಮಿನಲ್ಲಿ ಇವತ್ತು ಒಬ್ಬ, ಸಪ್ಲಿಮೆಂಟ್ ಮಾರುವವನು, ನೀರು ಕುಡಿಯುವ ಕಡೆ ಬಂದು ಮೆಲ್ಲಗೆ, "ಅಕ್ಕಾ, ಲೇಡೀಸಿಗೆ ಅಂತಾನೇ ಇರೋ ಮಾತ್ರೆ ಐತಿ. ಫುಲ್ ಸೇಫು. ಎಲ್ರೂ ತಗಂತಾರೆ," ಎಂದ. ಹೆಸರು ಹೇಳಿದ: ಆಕ್ಸಾಂಡ್ರೊಲೋನ್. ಗೊತ್ತಿದ್ದ ಹೆಸರೇ. ಸೌಮ್ಯ ಎಂಬ ಖ್ಯಾತಿ ಇರುವ ಸ್ಟೀರಾಯ್ಡು. ಗಂಡಸರ ಹಾರ್ಮೋನಿನ ದಾಯಾದಿ; ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ಪಟ್ಟಿಯಲ್ಲಿ ಸ್ಪರ್ಧೆಯ ಒಳಗೂ ಹೊರಗೂ, ವರ್ಷಪೂರ್ತಿ ನಿಷೇಧ. ನಮ್ಮ ದೇಶದಲ್ಲಿ 2022ರಲ್ಲಿ ಇದಕ್ಕೆ ಕಾಯ್ದೆಯೇ ಪಾಸಾಗಿದೆ. ಹಾಗಂತ ಎಲ್ಲ ಸ್ಪರ್ಧೆಯಲ್ಲೂ ಮೂತ್ರ ಪರೀಕ್ಷೆ ಮಾಡುತ್ತಾರೆ ಎಂದಲ್ಲ. ಆ ಹುಡುಗನ ಧೈರ್ಯ ಅದೇ.

ನನಗೆ ಭಯ ಪರೀಕ್ಷೆಯದಲ್ಲ, ಗಂಟಲಿನದು. ಹೆಂಗಸಿನ ಮೈಗೆ ಈ ಮದ್ದು ಹೋದರೆ ಗಂಟಲಿನ ತಂತುಗಳು ದಪ್ಪಗಾಗಿ ದನಿ ಒಡೆಯುತ್ತದೆ, ಮಾತ್ರೆ ನಿಲ್ಲಿಸಿದರೂ ಆ ದನಿ ಹಿಂದಕ್ಕೆ ಬರುವುದಿಲ್ಲ. ಮೊಡವೆ ಹೋಗಬಹುದು, ನಿಂತ ಮುಟ್ಟು ಮತ್ತೆ ಬರಬಹುದು. ದನಿ ಹೋದರೆ ಹೋಯಿತು. ನಾನು ದೊಡ್ಡ ಹಾಡುಗಾರ್ತಿ ಏನಲ್ಲ, ದುರ್ಗಮ್ಮನ ಗುಡಿಯ ಭಜನೆಯಲ್ಲಿ ಹಿಂದೆ ಕೂತು ದನಿಗೂಡಿಸುವವಳು. ಅದು ನನ್ನದು.

ತಗೊಂಡವರ ಮೇಲೆ ನನಗೆ ಕೋಪ ಇದೆಯೇ ಅಂತ ಕೇಳಿಕೊಂಡೆ. ಇದೆ, ಸ್ವಲ್ಪ. ನನ್ನ ಪಕ್ಕ ನಿಂತು ಗೆದ್ದರೆ ಇನ್ನೂ ಬರುತ್ತದೆ. ಆದರೆ "ಸೇಫು" ಅಂತ ಹೇಳಿ ಹದಿನೆಂಟರ ಹುಡುಗಿಗೂ ಮಾರುವವನ ಮೇಲಿರುವಷ್ಟಿಲ್ಲ. ಸರ್‌ಗೆ ಹೇಳಿದೆ. ಅವನು ಸಂಜೆಗೆ ಜಿಮ್ಮಿನಲ್ಲಿ ಇರಲಿಲ್ಲ.

ಅಕ್ಟೋಬರ್ 13, ಭಾನುವಾರ

ಆಯುಧಪೂಜೆಗೆ ಹೊಲಿಗೆ ಯಂತ್ರ, ಓವರ್‌ಲಾಕ್, ಕತ್ತರಿ, ನಮ್ಮ ಯಜಮಾನರ ಗೂಡ್ಸ್ ಆಟೋ. ಈ ಸಲ ಮಗಳು ನನ್ನ ಎರಡು ಡಂಬೆಲ್ಲಿಗೂ ಕುಂಕುಮ ಹಚ್ಚಿದಳು. ಅತ್ತೆ ಅವಕ್ಕೂ ಸೇರಿಸಿಯೇ ಕುಂಬಳಕಾಯಿ ಒಡೆದರು.

ಪೋಸಿಂಗ್ ಶುರುವಾಗಿದೆ. ಭಾರ ಎತ್ತುವುದಕ್ಕಿಂತ ಇದು ಕಷ್ಟ ಅಂದರೆ ಯಾರೂ ನಂಬುವುದಿಲ್ಲ. ಸುಮ್ಮನೆ ನಿಂತಂತೆ ಕಾಣುವಾಗ ಹಿಮ್ಮಡಿಯಿಂದ ಕುತ್ತಿಗೆಯವರೆಗೆ ಎಲ್ಲ ಬಿಗಿ ಹಿಡಿದಿರಬೇಕು, ಉಸಿರು ಸಿಕ್ಕಿಕೊಳ್ಳಬಾರದು, ಮೇಲೆ ನಗು. ಬೆನ್ನಿನ ಪೋಸು ನನಗೆ ಒಲಿದಿದೆ. ಮುಂದಿನ ಡಬಲ್ ಬೈಸೆಪ್ಸ್‌ನಲ್ಲಿ ಸೊಂಟ ತಿರುಚಿ, ಒಂದು ಕಾಲು ಮುಂದಿಟ್ಟು, ಒಂದು ಕಡೆ ವಾಲಬೇಕು. ಅಲ್ಲಿ ನಾನು ಕಂಬ. ಸರ್‌ಗೆ ಸಿಟ್ಟು ಬಂದು, "ಬೇಲೂರಿಗೆ ಹೋಗಿಲ್ವೇನಮ್ಮ ನೀನು?" ಎಂದರು.

ಹೋಗಿದ್ದೇನೆ, ಶಾಲೆಯ ಟ್ರಿಪ್ಪಿನಲ್ಲಿ. ಫೋನಿನಲ್ಲಿ ದರ್ಪಣಸುಂದರಿಯ ಚಿತ್ರ ತೆಗೆದು ಇಟ್ಟುಕೊಂಡು ಅವಳಂತೆ ನಿಂತು ನೋಡಿದೆ. ತೂಕವೆಲ್ಲ ಒಂದೇ ಕಾಲಿಗೆ ಬಿಟ್ಟು, ಸೊಂಟ ಆ ಕಡೆ, ಎದೆ ಈ ಕಡೆ, ತಲೆ ಮತ್ತೆ ಆ ಕಡೆ. ಅವಳಿಗೆ ಬೈಸೆಪ್ಸೂ ಇಲ್ಲ, ಹೊಟ್ಟೆಯ ಮೇಲೆ ಗೆರೆಯೂ ಇಲ್ಲ, ನಮ್ಮ ತೀರ್ಪುಗಾರರ ಮುಂದೆ ಬಂದರೆ ಕಂಡೀಷನ್ ಸಾಲದು ಅಂತ ಕಳಿಸಿಬಿಡುತ್ತಾರೆ. ನಿಲ್ಲುವುದು ಮಾತ್ರ ಅವಳಿಂದಲೇ ಕಲಿಯಬೇಕು. 1117ರಿಂದ ಹಾಗೇ ನಿಂತಿದ್ದಾಳೆ, ನನಗೆ ಒಂದು ನಿಮಿಷಕ್ಕೆ ತೊಡೆ ನಡುಗುತ್ತದೆ.

ಇದನ್ನು ಸರ್‌ಗೆ ಹೇಳಿದಾಗ ಅವರು ಕೆ.ವಿ. ಅಯ್ಯರ್ ಅವರ ಮಾತೆತ್ತಿದರು. 'ಶಾಂತಲಾ' ಕಾದಂಬರಿ ನಾನು ಕಾಲೇಜಿನಲ್ಲಿ ಓದಿ ಅತ್ತವಳು. ಅದನ್ನು ಬರೆದವರು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದರು, 'ಮಸಲ್ ಕಲ್ಟ್' ಎಂಬ ಇಂಗ್ಲಿಷ್ ಪುಸ್ತಕ ಬರೆದಿದ್ದರು, ಮೈಸೂರು ಮಹಾರಾಜರಿಗೆ ವ್ಯಾಯಾಮ ಕಲಿಸಿದ್ದರು, ಕೈಲಾಸಂ ಅವರ ಗೆಳೆಯರು ಅಂತ ನನಗೆ ಇವತ್ತೇ ಗೊತ್ತಾಗಿದ್ದು! ಅಂಚೆಯ ಮೂಲಕವೂ ಮೈಕಟ್ಟಿನ ಪಾಠ ಹೇಳುತ್ತಿದ್ದರಂತೆ. ಅವರ ಚಿತ್ರ ನೋಡಿದೆ: ಕೆತ್ತಿದ ಮೈ. ನಾಟ್ಯರಾಣಿಯ ಮೇಲೆ ಅಷ್ಟು ದೊಡ್ಡ ಕಾದಂಬರಿ ಬರೆದ ಆ ಮನುಷ್ಯ ತನ್ನ ಗರಡಿಗೆ ಶಾಂತಲೆಯೇ ಬಂದಿದ್ದರೆ ಏನು ಹೇಳಿಕೊಡುತ್ತಿದ್ದರೋ ಅಂತ ಯೋಚನೆ ಬಂತು.

ನವೆಂಬರ್ 5, ಮಂಗಳವಾರ

ದೀಪಾವಳಿ ಮುಗಿಯಿತು. 53 ಕೆಜಿ. ರಾತ್ರಿ ಎರಡಕ್ಕೆ ಎಚ್ಚರವಾಗುತ್ತದೆ, ಹೊಟ್ಟೆ ಚುರುಚುರು. ದಾವಣಗೆರೆಯ ಈ ಸಣ್ಣ ಚಳಿಗೇ ಸ್ವೆಟರು. ಹಗಲಲ್ಲಿ ಕೈ ತಣ್ಣಗಿರುತ್ತದೆ, ಕುಚ್ಚು ಕಟ್ಟುವಾಗ ದಾರ ಹಿಡಿತಕ್ಕೆ ಸಿಗುವುದಿಲ್ಲ. ಮಗಳ ಮೇಲೆ ಸಣ್ಣದಕ್ಕೆಲ್ಲ ರೇಗುತ್ತೇನೆ. ಬೆಣ್ಣೆದೋಸೆ ಹೋಟೆಲಿನ ಮುಂದೆ ಹಾದರೆ ಆ ವಾಸನೆಗೆ ಗಾಡಿ ತಾನಾಗಿ ನಿಧಾನವಾಗುತ್ತದೆ.

ಇವೆಲ್ಲ ಬರುತ್ತವೆ ಅಂತ ಸರ್ ಮೊದಲೇ ಹೇಳಿದ್ದರು. ಅವರು ಹೇಳದೆ ಬಿಟ್ಟದ್ದು ಒಂದು: ಎರಡು ತಿಂಗಳಿಂದ ಮುಟ್ಟಾಗಿಲ್ಲ. ಗಂಡಸು ಕೋಚಿಗೆ ಇದನ್ನು ಹೇಳುವುದು ಹೇಗೆ ಅಂತ ನಾನು, ಕೇಳುವುದು ಹೇಗೆ ಅಂತ ಅವರು. ನಿನ್ನೆ ಲೇಡಿ ಡಾಕ್ಟರ ಹತ್ತಿರ ಹೋದೆ.

ಅವರು ಬೈಯಲಿಲ್ಲ, ಕಾಗದ ತೆಗೆದು ಲೆಕ್ಕ ಬರೆದರು. ಕೊಬ್ಬು ಬಿಟ್ಟರೆ ನನ್ನ ಮೈ ಸುಮಾರು 45 ಕೆಜಿ. ವ್ಯಾಯಾಮಕ್ಕೆ ಖರ್ಚಾದದ್ದು ಕಳೆದು, ಪ್ರತಿ ಕೆಜಿಗೆ ಕನಿಷ್ಠ 30 ಕ್ಯಾಲೊರಿಯಾದರೂ ಮೈಯ ಉಳಿದ ಕೆಲಸಕ್ಕೆ ಸಿಗಬೇಕು, ಅಂದರೆ 1,350. ನಾನು ತಿನ್ನುತ್ತಿರುವುದು 1,450. ಜಿಮ್ಮಿನಲ್ಲಿ ಖರ್ಚು 350 ಇಟ್ಟುಕೊಂಡರೂ ಉಳಿಯುವುದು 1,100. "ಖರ್ಚಿಗೆ ದುಡ್ಡಿಲ್ಲ ಅಂದ್ರೆ ಮೈ ಮೊದಲು ನಿಲ್ಲಿಸೋದು ಮುಟ್ಟನ್ನು, ಅದಿಲ್ಲದೆ ನೀವು ಬದುಕಬಹುದಲ್ಲ," ಎಂದರು. ಈಸ್ಟ್ರೋಜನ್ ಇಳಿದರೆ ಮೂಳೆ ಸವೆಯುತ್ತದೆ, ಅದು ಈಗ ಕಾಣುವುದಿಲ್ಲ, ಅರವತ್ತಕ್ಕೆ ಕಾಣುತ್ತದೆ. ಓಟಗಾರ್ತಿಯರಲ್ಲಿ, ಜಿಮ್ನಾಸ್ಟ್‌ಗಳಲ್ಲಿ ಇದನ್ನು ಮೊದಲಿಂದ ಕಂಡಿದ್ದಾರೆ. ಇದು ಬರೀ ಮುಟ್ಟು, ಮೂಳೆಯ ಮಾತಲ್ಲ, ಇಡೀ ಮೈಯದು, ಗಂಡಸರಿಗೂ ಬರುತ್ತದೆ ಅಂತ 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯೇ ಹೇಳಿ 'ರೆಡ್-ಎಸ್' ಅಂತ ಹೆಸರಿಟ್ಟಿತಂತೆ. ರಕ್ತ ಪರೀಕ್ಷೆಗೆ ಬರೆದಿದ್ದಾರೆ. ಕಬ್ಬಿಣಾಂಶದ ಮಾತ್ರೆ.

ಬಿಟ್ಟುಬಿಡು ಅಂತ ಅವರು ಹೇಳಿದ್ದರೆ ಜಗಳ ಆಡಬಹುದಿತ್ತು. "ಡಿಸೆಂಬರ್ ಆದ ಮೇಲೆ ಎಷ್ಟು ಬೇಗ ಊಟ ಜಾಸ್ತಿ ಮಾಡ್ತೀರಿ?" ಎಂದಷ್ಟೇ ಕೇಳಿದರು. ಇವತ್ತು ಸರ್‌ಗೆ ಹೇಳಿದೆ, ನೆಲ ನೋಡುತ್ತಾ. ಅವರೂ ನೆಲ ನೋಡುತ್ತಾ ದಿನಕ್ಕೆ 200 ಕ್ಯಾಲೊರಿ ಏರಿಸಿ, ಸೈಕಲ್ಲು ಕಡಿಮೆ ಮಾಡಿದರು. ಅದು ಸಾಲದು ಅಂತ ನನಗೂ ಗೊತ್ತು. ಆದರೂ ನಿಲ್ಲಿಸುತ್ತಿಲ್ಲ. ಮಗಳು ದೊಡ್ಡವಳಾಗಿ ಇದೇ ಮಾಡುತ್ತೇನೆ ಅಂದರೆ ಬೇಡ ಅನ್ನುತ್ತೇನಾ? ಎತ್ತುವುದನ್ನು ಮಾಡು, ಒಣಗಿಸುವುದನ್ನು ಬೇಡ ಅನ್ನಬಹುದು. ನನಗೆ ಯಾರೂ ಹಾಗೆ ಬೇರೆ ಮಾಡಿ ಹೇಳಿರಲಿಲ್ಲ.

ನವೆಂಬರ್ 24, ಭಾನುವಾರ

ಸ್ಪರ್ಧೆಯ ಸೂಟು! ರೆಡಿಮೇಡ್ ತರಿಸಿದರೆ ಒಳ್ಳೆಯದಕ್ಕೆ ಹತ್ತು ಸಾವಿರದ ಮೇಲೆ. ಟೈಲರ್ ಆಗಿ ಅಷ್ಟು ಕೊಡಲು ನನಗೆ ಅವಮಾನ.

ನಾಲ್ಕೂ ಕಡೆ ಎಳೆಯುವ ಲೈಕ್ರಾ ಬೆಂಗಳೂರು ಚಿಕ್ಕಪೇಟೆಯಿಂದ ತರಿಸಿದೆ, ಗಾಢ ಪಚ್ಚೆ. ವೇದಿಕೆಗೆಂದು ಕಪ್ಪು ಬಣ್ಣ ಬಳಿದ ಮೈ ಮೇಲೆ ಪಚ್ಚೆ, ನೀಲಿ ಎದ್ದು ಕಾಣುತ್ತವೆ, ಕೆಂಪು ಕೊಳೆಯಾಗಿ ಕಾಣುತ್ತದೆ. ಮಾಮೂಲು ಸೂಜಿ ಹಾಕಿದರೆ ಲೈಕ್ರಾ ತೂತು ಬಿದ್ದು ಹೊಲಿಗೆ ಬಿಟ್ಟುಬಿಟ್ಟು ಬೀಳುತ್ತದೆ, ಮೊಂಡು ತುದಿಯ ಸೂಜಿಯೇ ಬೇಕು. ನೇರ ಹೊಲಿಗೆ ಎಳೆದರೆ ಪಟ್ ಅನ್ನುತ್ತದೆ, ಝಿಗ್‌ಝಾಗೇ ಬೇಕು. ಬ್ಲೌಸಿನಲ್ಲಿ ನಾವು ಮಾಡುವುದೆಲ್ಲ ಇಲ್ಲಿ ತಿರುಗುಮುರುಗು. ಅಲ್ಲಿ ಬೆನ್ನಿನ ಕೊರತೆಯನ್ನು ಡಾರ್ಟು, ಲೈನಿಂಗಿನಲ್ಲಿ ಮುಚ್ಚುತ್ತೇವೆ. ಇಲ್ಲಿ ಬೆನ್ನೇ ಬಂಡವಾಳ. ಪಟ್ಟಿ ಆದಷ್ಟು ಕೆಳಗೆ ಅಡ್ಡ ಬಂದು ಕೂಡಬೇಕು, ಭುಜದ ಮೂಳೆಯ ಸುತ್ತಲಿನ ಒಂದು ಗೆರೆಯೂ ಮುಚ್ಚಬಾರದು. ಕೆಳಗಿನ ತುಂಡು ಹಿಂದೆ ಅರ್ಧವಾದರೂ ಮುಚ್ಚಿರಬೇಕು ಅಂತ ನಿಯಮ. ಬ್ಲೌಸಿನ ತೋಳು ಮೊಣಕೈ ದಾಟಬೇಕು ಅನ್ನುವ ಗಿರಾಕಿಯ ಬಟ್ಟೆಯ ಪಕ್ಕದಲ್ಲೇ ಇದನ್ನು ಕತ್ತರಿಸಿದೆ.

ಅಳತೆಯದ್ದೇ ತೊಂದರೆ. ವಾರವಾರ ಸಣ್ಣಗಾಗುತ್ತಿರುವ ಮೈಗೆ ಇನ್ನು ಮೂರು ವಾರದ ಮೇಲಿನ ಅಳತೆ ಇವತ್ತೇ ಅಂದಾಜು ಮಾಡಬೇಕು. ಬಸುರಿಯರಿಗೆ ಸೀಮಂತದ ಬ್ಲೌಸು ಹೊಲಿಯುವಾಗ ಮಾಡುವ ಲೆಕ್ಕ, ಉಲ್ಟಾ.

ಇವರಿಗೆ ತೋರಿಸಿದೆ. ಬಹಳ ಹೊತ್ತು ಸುಮ್ಮನಿದ್ದು, "ಕಲ್ಲು ಯಾವಾಗ ಹಚ್ತಿ? ಚೌಕಿಪೇಟೇಲಿ ಸಿಗ್ತಾವಾ?" ಎಂದರು. ಆ ಬಹಳ ಹೊತ್ತಿನಲ್ಲಿ ಅವರು ಏನೇನು ನುಂಗಿಕೊಂಡರೋ ನಾನು ಕೇಳಲಿಲ್ಲ. ಸಂಜೆ ಪೊಟ್ಟಣ ತುಂಬಾ ಕಲ್ಲು ತಂದುಕೊಟ್ಟು ತಾವೇ ಅಂಟಿಸಲು ಕೂತರು. ಸಾಲು ಸೊಟ್ಟಗಿದೆ.

ಡಿಸೆಂಬರ್ 10, ಮಂಗಳವಾರ

51.2. ಸೊಂಟ 25. ಇನ್ನು ಭಾರ ಎತ್ತುವುದಿಲ್ಲ, ಪೋಸಿಂಗ್ ಮಾತ್ರ. ಗುರುವಾರದಿಂದ ಅನ್ನ. ಸ್ನಾಯುವಿನಲ್ಲಿ ಒಂದು ಗ್ರಾಂ ಸಕ್ಕರೆ ಅಂಶ ಕೂಡಿದರೆ ಅದರ ಜೊತೆ ಮೂರು ಗ್ರಾಮಿನಷ್ಟು ನೀರೂ ಒಳಗೆ ಸೇರಿ ಸ್ನಾಯು ತುಂಬಿಕೊಳ್ಳುತ್ತದೆ. ಅದಕ್ಕೇ ನೀರು ನಿಲ್ಲಿಸುವುದು ಪೆದ್ದುತನ ಅನ್ನುತ್ತಾರೆ ಸರ್. ಕೆಲವರು ಮೂತ್ರ ಹೋಗುವ ಮಾತ್ರೆ ನುಂಗಿ, ನೀರು ಬಿಟ್ಟು, ಕಾಲು ಸೆಟೆದು ವೇದಿಕೆಯ ಹಿಂದೆ ಬಿದ್ದದ್ದನ್ನು ಅವರು ಕಣ್ಣಾರೆ ಕಂಡಿದ್ದಾರೆ. ನನಗೆ ದಿನಕ್ಕೆ ನಾಲ್ಕು ಲೀಟರು.

ಡಿಸೆಂಬರ್ 14, ಶನಿವಾರ, ಮಂಗಳೂರು

ಲಾಡ್ಜಿನ ಹಾಸಿಗೆಗೆ ಮನೆಯಿಂದ ತಂದ ಹಳೆಯ ಸೀರೆ ಹಾಸಿದ್ದೇನೆ, ಬಣ್ಣ ಹತ್ತುತ್ತದೆ ಅಂತ. ಟ್ಯಾನ್ ಎರಡು ಕೋಟು ಆಯಿತು, ಬೆಳಗ್ಗೆ ಇನ್ನೊಂದು. ವೇದಿಕೆಯ ದೀಪದಲ್ಲಿ ಸ್ನಾಯುವಿನ ಗೆರೆ ಕಾಣಬೇಕಾದರೆ ಮೈ ಇನ್ನೂ ಕಪ್ಪಾಗಿರಬೇಕು. ನನ್ನ ಬಣ್ಣಕ್ಕೇ! ಹದಿನಾರನೇ ವಯಸ್ಸಿನಿಂದ ಕಡಲೆಹಿಟ್ಟು, ಅರಿಶಿನ, ಫೇರ್‌ನೆಸ್ ಕ್ರೀಮು ಅಂತ ಬಳಿಸಿಕೊಂಡ ಮುಖಕ್ಕೆ ಈಗ ದುಡ್ಡು ಕೊಟ್ಟು ಕಪ್ಪು ಬಳಿಸಿಕೊಳ್ಳುತ್ತಿದ್ದೇನೆ. ಬಳಿಯುವ ಹುಡುಗಿ ಉಡುಪಿಯವಳು, "ನಿಮ್ಮದು ಒಳ್ಳೆ ಬೇಸು ಅಕ್ಕ, ಬೆಳ್ಳಗಿರುವವರಿಗೆ ನಾಲ್ಕು ಕೋಟು ಬೇಕಾಗ್ತದೆ," ಎಂದಳು. ನನ್ನ ಬಣ್ಣದ ಬಗ್ಗೆ ಯಾರಾದರೂ ಹೀಗೆ ಹೇಳಿದ್ದು ನೆನಪಿಲ್ಲ.

ಇಲ್ಲಿಯ ಸೆಖೆಗೆ ಬೆವರು ಗೆರೆ ಎಳೆಯುತ್ತಿದೆ. ಫ್ಯಾನಿನ ಕೆಳಗೆ ಕೈಕಾಲು ಅಗಲಿಸಿ ನಿಂತೇ ಬರೆಯುತ್ತಿದ್ದೇನೆ. ಮಗಳು ಫೋನಿನಲ್ಲಿ ನೋಡಿ ಬೆಚ್ಚಿಬಿದ್ದಳು, ಆಮೇಲೆ ಬಿದ್ದು ಬಿದ್ದು ನಕ್ಕಳು.

ಡಿಸೆಂಬರ್ 16, ಸೋಮವಾರ

ಮೂರನೆಯವಳು. ಐದು ಜನರಲ್ಲಿ.

ಗಂಡಸರಿಗೆ ತೂಕದ ಪ್ರಕಾರ ಎಷ್ಟೊಂದು ವಿಭಾಗ, ಒಂದೊಂದರಲ್ಲೂ ಸಾಲು ಸಾಲು. ನಮಗೆ ಒಂದೇ, ಎತ್ತರದವರು ಗಿಡ್ಡದವರು ಎಲ್ಲ ಒಟ್ಟಿಗೆ, ರಾತ್ರಿ ಎಂಟೂವರೆಗೆ. ಬೆಳಗ್ಗೆಯಿಂದ ಬಾಳೆಹಣ್ಣು, ಬೆಲ್ಲ, ಸ್ವಲ್ಪ ಉಪ್ಪು. ಹಿಂಬದಿಯಲ್ಲಿ ರಬ್ಬರ್ ಪಟ್ಟಿ ಎಳೆದು ಪಂಪ್ ಮಾಡುವಾಗ ನನ್ನ ಪಕ್ಕದಲ್ಲಿದ್ದವಳು, ಪೊಲೀಸ್ ಕೆಲಸದವಳು, ನನ್ನ ಬೆನ್ನಿಗೆ ಎಣ್ಣೆ ಹಚ್ಚಿದಳು, ಅವಳ ಬೆನ್ನಿಗೆ ನಾನು. ಸೂಟು ಎಲ್ಲಿ ತಗೊಂಡ್ರಿ ಅಂತ ಕೇಳಿದಳು. ಹೇಳಿದೆ. ಅಲ್ಲೇ ಆರ್ಡರು ಕೊಟ್ಟಳು!

ಮೇಲೆ ಹೋದ ಮೇಲೆ ದೀಪದಲ್ಲಿ ಎದುರಿನ ಜನ ಕಾಣುವುದಿಲ್ಲ. ಕಾಲಡಿಯ ಹಲಗೆ ಬೆಚ್ಚಗಿತ್ತು. ಮೊದಲ ಪೋಸಿಗೆ ತುಟಿ ನಡುಗಿತು, ಬೆನ್ನು ತಿರುಗಿಸಿ ಎಂದಾಗ ಮಾತ್ರ ಧೈರ್ಯ ಬಂತು. ತೋಳೆತ್ತಿ ಬೆನ್ನು ಬಿಚ್ಚಿದೆ. ಎಲ್ಲೋ ಹಿಂದಿನಿಂದ ಒಬ್ಬ ಹುಡುಗ "ಓ ಅಕ್ಕಾ" ಅಂತ ಕೂಗಿದ, ಚಪ್ಪಾಳೆ ಬಿತ್ತು. ಆ ಹೊತ್ತಿನಲ್ಲಿ ಹಸಿವು, ಚಳಿ, ನಿದ್ದೆಗೆಟ್ಟದ್ದು ಒಂದೂ ನೆನಪಿರಲಿಲ್ಲ. ಯಾಕೆ ಅಂತ ಅತ್ತೆ ಕೇಳಿದ್ದಕ್ಕೆ ಉತ್ತರ ಅಲ್ಲಿತ್ತು ಅನ್ನಿಸುತ್ತದೆ, ಕೆಳಗೆ ತರಲಾಗಲಿಲ್ಲ.

ಆಮೇಲೆ ತೀರ್ಪುಗಾರರನ್ನು ಕೇಳಿದೆ, ಎಲ್ಲಿ ಕಡಿಮೆಯಾಯಿತು ಅಂತ. ಒಬ್ಬರು: "ತೊಡೆ ಇನ್ನೂ ಬರಬೇಕು, ಮೇಲಿನ ಮೈಗೆ ಸಮ ಆಗ್ತಿಲ್ಲ." ಇದು ನ್ಯಾಯವಾದ ಮಾತು. ಇನ್ನೊಬ್ಬರು: "ಬೆನ್ನು ಚೆನ್ನಾಗಿದೆಮ್ಮ, ಆದ್ರೆ ಇಷ್ಟೇ ಇರ್ಲಿ, ಜಾಸ್ತಿ ಮಾಡ್ಕೋಬೇಡಿ. ಲೇಡೀಸ್ ಅಲ್ವಾ." ಎಷ್ಟು ಜಾಸ್ತಿ ಸರ್, ಇಂಚಿನಲ್ಲಿ ಹೇಳಿ ಎಂದೆ. ಅವರು ನಕ್ಕರು. ನಾನು ನಿಜಕ್ಕೂ ಕೇಳಿದ್ದು.

ರಾತ್ರಿ ಬಸ್ಸಿಗೆ ಮುಂಚೆ ಗೋಳಿಬಜೆ. ಎಷ್ಟು ಅಂತ ಬರೆಯುವುದಿಲ್ಲ.

ಅತ್ತೆ ಕಂಚಿನ ಪದಕ ಕೈಯಲ್ಲಿ ತೂಗಿ ನೋಡಿ, "ಹಗೂರ ಐತಿ," ಎಂದರು.

ಜನವರಿ 9, 2025, ಗುರುವಾರ

55.6 ಕೆಜಿ. ಡಾಕ್ಟರ ಲೆಕ್ಕದಂತೆ ಊಟ ಏರಿಸುತ್ತಿದ್ದೇನೆ, ದಿನಕ್ಕೆ 2,000 ದಾಟಿದೆ. ಹೊಟ್ಟೆಯ ಗೆರೆಗಳು ಒಂದೊಂದಾಗಿ ಹೋಗುವುದನ್ನು ಕನ್ನಡಿಯಲ್ಲಿ ನೋಡುವುದು ಎಣಿಸಿದ್ದಕ್ಕಿಂತ ಕಷ್ಟ. ಮೊನ್ನೆ ಮುಟ್ಟಾಯಿತು. ಇಷ್ಟು ಖುಷಿಯಿಂದ ಆ ಬಟ್ಟೆ ಯಾವತ್ತೂ ತೊಳೆದಿರಲಿಲ್ಲ.

ಸರ್ ತೊಡೆಗೆ ಹೊಸ ಪಟ್ಟಿ ಕೊಟ್ಟಿದ್ದಾರೆ, ವಾರಕ್ಕೆ ಎರಡು ದಿನ. ಬೆನ್ನು ಹಾಗೇ ಬಿಡೋಣ್ವಾ ಅಂತ ಕೇಳಿದರು, ಆ ತೀರ್ಪುಗಾರರ ಮಾತು ನೆನಪಿಟ್ಟುಕೊಂಡು. ಬೇಡ, ಅದಕ್ಕೂ ಹಾಕಿ ಎಂದೆ. ಅದು ಎಷ್ಟು ಬೆಳೆಯುತ್ತದೋ ನೋಡೋಣ.

ಮಾವಿನಕಾಯಿ ಬಣ್ಣದ ರೇಷ್ಮೆ ಹಿಡಿದು ಒಬ್ಬಳು ಬಂದಿದ್ದಳು ಇವತ್ತು, ಮಾರ್ಚಿಗೆ ಮದುವೆ. ಅವಳ ತಾಯಿ ತೋಳು ಉದ್ದ ಬರಲಿ, ಕತ್ತು ಮೇಲಿರಲಿ ಅಂತ ಹೇಳಿ ಹೊರಗೆ ಹೋದ ಕೂಡಲೇ ಹುಡುಗಿ ನನ್ನ ಕಡೆ ಬಗ್ಗಿ, "ಆಂಟಿ, ನಿಮ್ಮಂಥ ಭುಜ ಬರ್ಬೇಕಂದ್ರೆ ಎಷ್ಟು ದಿನ ಬೇಕು?" ಎಂದಳು. ಮಾರ್ಚಿಗೆ ಆಗಲ್ಲ ಅಂದೆ. ಮುಂದಿನ ಮಾರ್ಚಿಗೆ? ಊಟ ಸರಿ ಮಾಡಿದರೆ ಸ್ವಲ್ಪ ಕಾಣುತ್ತೆ ಅಂದೆ. ನಾಳೆ ಬೆಳಗ್ಗೆ ಆರಕ್ಕೆ ಜಿಮ್ಮಿಗೆ ಬರುತ್ತಾಳೆ, ಮೊದಲು ಬರೀ ಬಾರಿನಲ್ಲಿ ಸ್ಕ್ವಾಟು. ಫೀಸು ಏನೂ ಬೇಡ ಅಂತ ಹೇಳಿ ಕಳಿಸಿದೆ. ರಾತ್ರಿ ಇವರಿಗೆ ಹೇಳಿದರೆ, "ಬ್ಲೌಸಿಗೂ ಹಿಂಗೇ ಅಂದಿರ್ತೀಯ," ಅಂತ ಗೊಣಗಿದರು. ಬ್ಲೌಸಿಗೆ ಅಡ್ವಾನ್ಸ್ 500 ತಗೊಂಡಿದ್ದೇನೆ, ಪುಸ್ತಕದಲ್ಲಿ ಬರೆದಿದೆ, ಬೇಕಾದರೆ ನೋಡಿಕೊಳ್ಳಲಿ.